ಕಾನ್ರಾಡ್ ಫೈಟ್: ಮನಸ್ಸಾಕ್ಷಿಯನ್ನು ಮಾರದ ನಟ

ನಟನ ಹಿರಿಮೆಯನ್ನು ನಾವು ಸಾಮಾನ್ಯವಾಗಿ ಅವನು ಧರಿಸಿದ ಪಾತ್ರಗಳಿಂದ ಅಳೆಯುತ್ತೇವೆ. ಜರ್ಮನಿಯ ಕಾನ್ರಾಡ್ ಫೈಟ್ ಅವರ ವಿಷಯದಲ್ಲಿ ಈ ಅಳತೆಗೋಲು ಸಾಲದು. ತೆರೆಯ ಮೇಲೆ ದುಷ್ಟರ ವೇಷವನ್ನೇ ಹೆಚ್ಚಾಗಿ ತೊಟ್ಟ ಇವರು ಬಾಳಿನಲ್ಲಿ ದುಷ್ಟತನದೊಡನೆ ರಾಜಿಗೊಪ್ಪದೆ ತಾಯ್ನಾಡನ್ನೇ ತೊರೆದರು.

1893ರ ಜನವರಿ 22ರಂದು ಬರ್ಲಿನ್ ನಗರದ ಪ್ರೊಟೆಸ್ಟಂಟ್ ಕುಟುಂಬವೊಂದರಲ್ಲಿ ಜನಿಸಿದ ಫೈಟ್, ಪ್ರಖ್ಯಾತ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರ ರಂಗಶಾಲೆಯಲ್ಲಿ ಅಭಿನಯ ಕಲಿತರು. ಪ್ರಥಮ ಮಹಾಯುದ್ಧದಲ್ಲಿ ಸೈನಿಕರಾಗಿ ಹೋಗಿ, ಅನಾರೋಗ್ಯಕ್ಕೀಡಾಗಿ, 1917ರಲ್ಲಿ ರಂಗಭೂಮಿಗೆ ಮರಳಿದರು. 1920ರ ‘ಡಾಕ್ಟರ್ ಕಲಿಗಾರಿ’ ಮೂಕಚಿತ್ರದಲ್ಲಿ, ಒಡೆಯನ ಆಜ್ಞೆಯಂತೆ ನಿದ್ರೆಯಲ್ಲೇ ನಡೆದು ಕೊಲೆಗೈಯುವ ಸೆಸಾರೆಯ ಪಾತ್ರ ಅವರಿಗೆ ವಿಶ್ವಖ್ಯಾತಿ ತಂದಿತು. ಕೆಲಕಾಲ ಹಾಲಿವುಡ್‌ನಲ್ಲಿ ನಟಿಸಿದ ಅವರು, ಮಾತಿನ ಚಿತ್ರಗಳ ಯುಗ ಆರಂಭವಾದಾಗ 1929ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೇರಿದನು. ಚಿತ್ರರಂಗದವರೆಲ್ಲರೂ ತಮ್ಮ ಜನಾಂಗವನ್ನು ನಮೂದಿಸಬೇಕೆಂಬ ಪ್ರಶ್ನಾವಳಿ ಹೊರಟಿತು. ಫೈಟ್ ಯೆಹೂದ್ಯರಲ್ಲ, ಅವರು ಆಗಷ್ಟೇ ವರಿಸಿದ್ದ ಲಿಲಿ ಯೆಹೂದ್ಯ ಮೂಲದವರು. ಇದ್ದುದನ್ನು ಇದ್ದಂತೆ ಬರೆದಿದ್ದರೆ ತಮ್ಮ ಮಟ್ಟಿಗೆ ಅವರು ಸುರಕ್ಷಿತರಾಗಿರುತ್ತಿದ್ದರು. ಆದರೆ ಆ ಪತ್ರದಲ್ಲಿ ಅವರು ತಮ್ಮನ್ನು ಯೆಹೂದ್ಯನೆಂದೇ ಬರೆದುಕೊಂಡರು. ಕೀರ್ತಿ, ಸಂಪಾದನೆ, ಮಾತೃಭಾಷೆಯ ಪ್ರೇಕ್ಷಕರು, ಎಲ್ಲವನ್ನೂ ಬಿಟ್ಟು ಆ ದಂಪತಿಗಳು ಇಂಗ್ಲೆಂಡಿಗೆ ತೆರಳಿದರು. ಆಗ ಫೈಟ್‌ಗೆ ನಲವತ್ತು ವರ್ಷ. ಆ ವಯಸ್ಸಿನಲ್ಲಿ ಪರಭಾಷೆಯೊಂದರಲ್ಲಿ ಪಳಗಿ ಮತ್ತೆ ನೆಲೆಯೂರುವುದು ನಟನಿಗೆ ಸುಲಭವಲ್ಲವೆಂಬುದನ್ನು ನಾವು ಮನಗಾಣಬೇಕು.

1934ರಲ್ಲಿ ಯೆಹೂದ್ಯರ ಸಂಕಟವನ್ನು ನಿರೂಪಿಸಿದ ‘ಜ್ಯೂ ಸೂಸ್’ ಎಂಬ ಬ್ರಿಟಿಷ್ ಚಿತ್ರದಲ್ಲಿ ಅವರು ನಾಯಕರಾದರು. ನಾಟ್ಸಿ ಸರ್ಕಾರದ ಕೋಪ ಇಮ್ಮಡಿಸಿತು. 1939ರಲ್ಲಿ ಬ್ರಿಟಿಷ್ ಪೌರತ್ವ ಪಡೆದು, ತಮ್ಮ ಗಳಿಕೆಯ ದೊಡ್ಡ ಪಾಲನ್ನು ಯುದ್ಧನಿಧಿಗೆ ಅರ್ಪಿಸಿದರು. 1940ರ ‘ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಇವರು ಕಪಟಿ ಮಂತ್ರಿ ಜಾಫರ್. ಅವನನ್ನೆದುರಿಸುವ ಬಾಲಕನಾಗಿ ನಟಿಸಿದವನು ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು.

ಬಳಿಕ ಅಮೆರಿಕೆಗೆ ತೆರಳಿದ ಫೈಟ್, 1942ರ ‘ಕಾಸಾಬ್ಲಾಂಕಾ’ದಲ್ಲಿ ನಾಟ್ಸಿ ಅಧಿಕಾರಿ ಮೇಜರ್ ಸ್ಟ್ರಾಸರ್‌ನ ಪಾತ್ರ ವಹಿಸಿದರು. ತಮ್ಮನ್ನು ನಾಡಿನಿಂದ ಹೊರದೂಡಿದವರ ಸಮವಸ್ತ್ರವನ್ನೇ ಧರಿಸಿ, ಅವರ ಕ್ರೌರ್ಯವನ್ನು ಲೋಕಕ್ಕೆ ತೋರಿಸಿಕೊಟ್ಟರು. 1943ರ ಏಪ್ರಿಲ್ 3ರಂದು, ಐವತ್ತನೆಯ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಹಿಟ್ಲರನ ಪತನವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1998ರಲ್ಲಿ ಅವರ ಚಿತಾಭಸ್ಮವನ್ನು ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ಇರಿಸಲಾಯಿತು.

ಒಡೆಯನ ಅಪ್ಪಣೆಗೆ ಕಣ್ಮುಚ್ಚಿ ನಡೆದವನ ಪಾತ್ರದಿಂದ ಪ್ರಸಿದ್ಧರಾದ ಈ ನಟ, ದೇಶಕ್ಕೆ ದೇಶವೇ ಹಾಗೆ ನಡೆದ ಕಾಲದಲ್ಲಿ ಎಚ್ಚತ್ತಿದ್ದರು. ಕಷ್ಟಕ್ಕೊಳಗಾದವರ ಪಕ್ಕದಲ್ಲಿ ತಮ್ಮ ಹೆಸರನ್ನೂ ಬರೆಯಿಸಿಕೊಂಡ ಅವರನ್ನು ನಾವು ಗೌರವದಿಂದ ನೆನೆಯುತ್ತೇವೆ.