ಹಂಫ್ರಿಯವರ ಕಾಯಿಲೆ ಗುರುತು ಸಿಕ್ಕಿದ ಬಗೆ

1960ರ ದಶಕದಲ್ಲಿ ಶಾಲೆಯಲ್ಲಿ ಅಮೇರಿಕದ ಜೋಳದ ಹುಡಿಯ ಸಜ್ಜಿಗೆ ತಿಂದವರು ಎಣ್ಮಕಜೆಯ ಮನೆಗಳಲ್ಲಿ ಈಗಲೂ ಇದ್ದಾರು. ಅಂಥ ಧಾನ್ಯವನ್ನು ಬಡರಾಷ್ಟ್ರಗಳಿಗೆ ಕಳುಹಿಸಬೇಕೆಂದು ಅಲ್ಲಿನ ಸೆನೆಟಿನಲ್ಲಿ ಪಟ್ಟು ಹಿಡಿದವರಲ್ಲಿ ಹ್ಯೂಬರ್ಟ್ ಹಂಫ್ರಿ ಪ್ರಮುಖರು.

ಇವರು ಹುಟ್ಟಿದ್ದು 1911ರ ಮೇ 27ರಂದು, ದಕ್ಷಿಣ ಡಕೋಟಾದ ವಾಲೇಸ್ ಎಂಬ ಸಣ್ಣ ಊರಿನಲ್ಲಿ. ತಂದೆಯದು ಮದ್ದಿನ ಅಂಗಡಿ. ಮಗನೂ ಔಷಧಶಾಸ್ತ್ರ ಕಲಿತು ಅಲ್ಲೇ ದುಡಿದವರು. 1945ರಲ್ಲಿ ಮಿನಿಯಾಪೊಲಿಸ್ ನಗರದ ಮೇಯರ್, 1949ರಿಂದ ಸೆನೆಟರ್, 1965ರಿಂದ ನಾಲ್ಕು ವರ್ಷ ಉಪಾಧ್ಯಕ್ಷ. 1966ರ ಜನವರಿಯಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರ ಅಂತ್ಯಕ್ರಿಯೆಗೆ ದಿಲ್ಲಿಗೂ ಬಂದಿದ್ದರು. 1968ರ ಅಧ್ಯಕ್ಷ ಚುನಾವಣೆಯಲ್ಲಿ ನಿಕ್ಸನ್ನರೆದುರು ಸೋತರು.

ಅದಕ್ಕೂ ಮೊದಲು, 1967ರಲ್ಲಿ, ಅವರ ಮೂತ್ರದಲ್ಲಿ ರಕ್ತ ಕಂಡಿತ್ತು. ಪರೀಕ್ಷೆಗಳಾದವು, ಆದರೆ ತಜ್ಞರಲ್ಲಿ ಒಮ್ಮತ ಬರಲಿಲ್ಲ. ಮೂತ್ರಕೋಶದ ಹಳೆಯ ಉರಿಯೂತವೆಂಬ ಅಭಿಪ್ರಾಯವೇ ಮೇಲಾಯಿತು. ಇದರಲ್ಲಿ ಆಶ್ಚರ್ಯವಿಲ್ಲ. ಗಡ್ಡೆ ಕಟ್ಟದೆ ಒಳಪೊರೆಯಲ್ಲೇ ಹರಡುವ ಒಂದು ಬಗೆಯ ಕ್ಯಾನ್ಸರ್ ಇದೆ. ಅದೊಂದೇ ತಾನಾಗಿ ಕಾಣಿಸಿಕೊಳ್ಳುವುದು ಅಪರೂಪ. ದರ್ಶಕ ಕೊಳವೆ ಹಾಕಿ ನೋಡಿದರೂ ಬರೇ ಕೆಂಪಾದಂತೆ ಕಾಣಬಹುದು. ರೋಗಿಗೆ ಉರಿಮೂತ್ರ, ಪದೇ ಪದೇ ಮೂತ್ರಕ್ಕೆ ಅವಸರ, ಕಿಬ್ಬೊಟ್ಟೆ ನೋವು. ನಮ್ಮಲ್ಲಾದರೆ ಇದಕ್ಕೆ ಎಳನೀರು, ಬಾರ್ಲಿ ನೀರು, ಕಲ್ಲಿರಬೇಕೆಂಬ ಊಹೆ. ಹೆಂಗಸರಲ್ಲಿ ರಕ್ತ ಕಂಡರೆ ಗರ್ಭಕೋಶದ ತೊಂದರೆಯೆಂದು ತಿಳಿಯುವುದೂ ಉಂಟು. ಎರಡು ದಿನದಲ್ಲಿ ರಕ್ತ ನಿಂತರಂತೂ ವಿಷಯವೇ ಮರೆತುಹೋಗುತ್ತದೆ. ಆದರೆ ನೋವಿಲ್ಲದೆ ಒಮ್ಮೆ ಬಂದು ನಿಂತ ರಕ್ತವನ್ನೂ ವೈದ್ಯರಿಗೆ ತಿಳಿಸಲೇಬೇಕು, ಬೀಡಿ ಸಿಗರೇಟು ಸೇದುವವರು ಮುಖ್ಯವಾಗಿ.

1971ರಲ್ಲಿ ಹಂಫ್ರಿ ಮತ್ತೆ ಸೆನೆಟಿಗೆ ಬಂದರು. 1973ರಲ್ಲಿ ಕ್ಯಾನ್ಸರಿಗೆಂದು ವಿಕಿರಣ ಚಿಕಿತ್ಸೆಯಾಯಿತು. 1976ರ ಹೊತ್ತಿಗೆ ರೋಗ ಮೂತ್ರಕೋಶದ ಗೋಡೆಗೇ ಇಳಿದಿತ್ತು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೂತ್ರಕೋಶವನ್ನೇ ತೆಗೆದರು. 1977ರ ಆಗಸ್ಟಿನಲ್ಲಿ ಕರುಳು ಕಟ್ಟಿಕೊಂಡಿತು. ಹೊಟ್ಟೆ ತೆರೆದಾಗ ಸಿಕ್ಕಿದ್ದು ತೆಗೆಯಲಾಗದ ಗಡ್ಡೆ. ಆ ಮೇಲೂ ಸೆನೆಟಿಗೆ ಹೋಗಿ ಕೆಲಸ ಮಾಡಿದ ಗಟ್ಟಿಗರು ಅವರು. 1978ರ ಜನವರಿ 13ರಂದು ಮಿನೆಸೋಟದ ವೇವರ್ಲಿಯ ತಮ್ಮ ಮನೆಯಲ್ಲಿ ತೀರಿಕೊಂಡರು.

1967ರ ಮೂತ್ರದ ಮಾದರಿಯನ್ನು ಮಾತ್ರ ಯಾರೂ ಎಸೆದಿರಲಿಲ್ಲ. ಅದರ ಜೀವಕೋಶಗಳನ್ನು ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು ಹೊಸ ವಿಧಾನದಿಂದ ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. 1976ರ ಗಡ್ಡೆಯಲ್ಲಿ ಪಿ53 ಎಂಬ ಜೀನಿನಲ್ಲಿದ್ದ ದೋಷವೇ ಆ ಮೊದಲ ಮೂತ್ರದಲ್ಲೂ ಇತ್ತು.