ಅಂತರ್ಮುಖತೆ ಮತ್ತು ಚರಿತ್ರೆ: ಶೃಂಗೇರಿಯ ಚಂದ್ರಶೇಖರ ಭಾರತಿಗಳು

ಪೀಠಾಧಿಪತಿಗಳ ಜೀವನಚರಿತ್ರೆಗಳು ಕನ್ನಡದಲ್ಲಿ ಒಂದು ನಿಶ್ಚಿತ ವಿನ್ಯಾಸವನ್ನು ಅನುಸರಿಸುತ್ತ ಬಂದಿವೆ. ಬಾಲ್ಯ, ದೀಕ್ಷೆ, ವಿಜಯಯಾತ್ರೆ, ಪವಾಡಗಳಿಗೆ ಅಲ್ಲಿ ವಿಸ್ತಾರವಿದೆ. ವೃದ್ಧಾಪ್ಯಕ್ಕೆ, ಮರೆವಿಗೆ, ಮನಸ್ಸಿನ ದಣಿವಿಗೆ ಎಡೆಯಿಲ್ಲ. ಗುರು ಮೌನಿಯಾದರೆ ಅದು ತಪಸ್ಸೆನಿಸುತ್ತದೆ, ಬಂದವರನ್ನು ಗುರುತಿಸದಿದ್ದರೆ ವೈರಾಗ್ಯವೆನಿಸುತ್ತದೆ. ಶೃಂಗೇರಿ ಪೀಠದ 34ನೆಯ ಅಧಿಪತಿ ಚಂದ್ರಶೇಖರ ಭಾರತಿಗಳ (1892-1954) ಚರಿತ್ರೆಯನ್ನು ಈ ವಿನ್ಯಾಸದೊಳಗೆ ಸುಲಭವಾಗಿ ಕೂರಿಸಲಾಗದು. ಚರಿತ್ರೆಕಾರರು ಅಂತರ್ಮುಖತೆ ಎಂದು ಕರೆದ ಸ್ಥಿತಿ ಅವರ ಬದುಕಿನ ದೀರ್ಘಭಾಗವನ್ನು ಆವರಿಸಿಕೊಂಡಿದೆ.

ಶೃಂಗೇರಿ ಅಂದು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಜಿಲ್ಲೆಗೆ ಚಿಕ್ಕಮಗಳೂರೆಂಬ ಹೆಸರು ಬಂದದ್ದು 1947ರಲ್ಲಿ. ಬೆಂಗಳೂರು-ಹರಿಹರ ರೈಲುಮಾರ್ಗ 1889ರಲ್ಲಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು. 1899ರ ಬೀರೂರು-ಶಿವಮೊಗ್ಗ ಮಾರ್ಗ ತರೀಕೆರೆಯನ್ನು ಸೇರಿಸಿಕೊಂಡಿತು. ದೂರದ ಭಕ್ತರು ಈ ಬಯಲಿನ ನಿಲ್ದಾಣಗಳಲ್ಲಿಳಿದು ಮಲೆನಾಡನ್ನು ಹತ್ತಬೇಕಿತ್ತು. ಅಷ್ಟು ದೂರ ಬಂದವರಿಗೆ ಗುರುದರ್ಶನ ದೊರೆಯದಿರುವುದು ಸಣ್ಣ ಸಂಗತಿಯಲ್ಲ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ಶೃಂಗೇರಿ ಮಠದ ಜಹಗೀರಾಗಿತ್ತು. ಹಾಗಾಗಿ ಗುರುವಿನ ಮನಃಸ್ಥಿತಿ ಕೇವಲ ಅಧ್ಯಾತ್ಮದ ವಿಷಯವಾಗಿ ಉಳಿಯುವಂತಿರಲಿಲ್ಲ. ಅದು ಆಡಳಿತದ ವಿಷಯವೂ ಆಗಿತ್ತು.

ಪೂರ್ವಾಶ್ರಮದ ನರಸಿಂಹಶಾಸ್ತ್ರಿ ಶೃಂಗೇರಿಯಲ್ಲಿಯೇ ಜನಿಸಿದವರು. ತಂದೆ ಗೋಪಾಲಶಾಸ್ತ್ರಿ, ತಾಯಿ ಲಕ್ಷ್ಮಮ್ಮ. ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತಿಗಳು ಈ ಬಾಲಕನನ್ನು ಗುರುತಿಸಿ ಬೆಂಗಳೂರಿನ ಶಂಕರಮಠದ ಪಾಠಶಾಲೆಗೆ ಕಳುಹಿಸಿದರು. 1912ರ ಮಾರ್ಚಿಯಲ್ಲಿ ಗುರುಗಳು ತೀರಿಕೊಂಡಾಗ ಶಿಷ್ಯ ಬಳಿಯಲ್ಲಿರಲಿಲ್ಲ. ಏಪ್ರಿಲ್‌ನಲ್ಲಿ ಸಂನ್ಯಾಸವಾಯಿತು. ಇಪ್ಪತ್ತು ತುಂಬದ ಯತಿ ಗುರುವಿನ ಸಾನ್ನಿಧ್ಯವಿಲ್ಲದೆ ಪೀಠವೇರಿ, ವಿರೂಪಾಕ್ಷಶಾಸ್ತ್ರಿಗಳಲ್ಲಿ ವೇದಾಂತಾಧ್ಯಯನವನ್ನು ಮುಂದುವರಿಸಿದರು. 1916ರಲ್ಲಿ ಶಾರದಾ ದೇವಾಲಯದ ಕುಂಭಾಭಿಷೇಕ ನಡೆಯಿತು. 1924ರಲ್ಲಿ ಹೊರಟ ಯಾತ್ರೆ ಮೈಸೂರು, ತಮಿಳುನಾಡು, ತಿರುವಾಂಕೂರುಗಳನ್ನು ಸುತ್ತಿ 1927ರಲ್ಲಿ ಮುಗಿಯಿತು.

ಹಿಂದಿರುಗಿದ ಮೇಲೆ ತುಂಗೆಯ ಆಚೆದಡದ ನರಸಿಂಹವನವೇ ಅವರ ಲೋಕವಾಯಿತು. ದಿನಗಟ್ಟಲೆ, ಒಮ್ಮೊಮ್ಮೆ ಇನ್ನೂ ದೀರ್ಘಕಾಲ, ದರ್ಶನವಿಲ್ಲ, ಮಾತಿಲ್ಲ, ಹೊರವ್ಯವಹಾರದ ಗೊಡವೆಯಿಲ್ಲ. ಆಗ ಅವರಿಗೆ ವಯಸ್ಸು ಇನ್ನೂ ಮೂವತ್ತೈದರ ಆಸುಪಾಸು. ಆದ್ದರಿಂದ ಇದನ್ನು ಮುಪ್ಪಿನ ಮರೆವೆಂದು ತಳ್ಳಿಹಾಕಲು ಬಾರದು. ಮತಿಭ್ರಮಣೆಯೆಂಬ ಮಾತು ಹೊರಗೆ ಹುಟ್ಟಿದ್ದಿತೆಂಬುದು ಭಕ್ತರ ಬರಹಗಳು ಅದನ್ನು ಅಲ್ಲಗಳೆಯುವ ಧಾಟಿಯಿಂದಲೇ ತಿಳಿಯುತ್ತದೆ. ಆದರೆ ಬಹಿರ್ಮುಖರಾದಾಗ ಅವರು ಅತ್ಯಂತ ಸ್ಪಷ್ಟವಾಗಿ ಪಾಠ ಹೇಳುತ್ತಿದ್ದರು, ಸಂದೇಹಗಳನ್ನು ಪರಿಹರಿಸುತ್ತಿದ್ದರು. ಭಕ್ತರೊಂದಿಗಿನ ಅವರ ಸಂವಾದಗಳ ತರ್ಕದಲ್ಲಿ ಎಲ್ಲಿಯೂ ಬಿರುಕಿಲ್ಲ. ದಶಕಗಳ ಆಚೆಯಿಂದ ಈ ಸ್ಥಿತಿಗೆ ವೈದ್ಯಕೀಯ ಹೆಸರನ್ನು ಅಂಟಿಸುವುದು ದುಡುಕು. ಅಂತರ್ಮುಖತೆಯೆಂಬ ಒಂದೇ ಪದದಿಂದ ಎಲ್ಲವನ್ನೂ ಮುಚ್ಚುವುದೂ ಅಷ್ಟೇ ದುಡುಕು, ಏಕೆಂದರೆ ಆ ಪದ ವಿವರಣೆಯಂತೆ ಕಂಡರೂ ಪ್ರಶ್ನೆಯನ್ನು ನಿಲ್ಲಿಸುವ ಕೆಲಸವನ್ನಷ್ಟೇ ಮಾಡುತ್ತದೆ.

ಪದ ಸಂಪ್ರದಾಯದಲ್ಲಿ ಸಿದ್ಧವಾಗಿಯೇ ಇತ್ತು. ಅವರ ಗುರುಗಳು ನೆರೂರಿನ ಅವಧೂತ ಸದಾಶಿವ ಬ್ರಹ್ಮೇಂದ್ರರನ್ನು ಕುರಿತು ಸ್ತುತಿ ರಚಿಸಿದ್ದರು. ಜ್ಞಾನಿಯು ಹುಚ್ಚನಂತೆ, ಬಾಲಕನಂತೆ, ಪಿಶಾಚದಂತೆ ಸಂಚರಿಸಬಹುದೆಂಬ ಮಾತು ವಿವೇಕಚೂಡಾಮಣಿಯ ಕೊನೆಯ ಭಾಗದಲ್ಲಿದೆ. ಚಂದ್ರಶೇಖರ ಭಾರತಿಗಳು ಆ ಗ್ರಂಥಕ್ಕೆ ಸಂಸ್ಕೃತದಲ್ಲಿ ಬರೆದ ವ್ಯಾಖ್ಯಾನ ಅಪೂರ್ಣ. ಆ ಶ್ಲೋಕವನ್ನು ಮುಟ್ಟುವ ಮೊದಲೇ ಅದು ನಿಲ್ಲುತ್ತದೆ. ತಮ್ಮ ಸ್ಥಿತಿಗೆ ಇತರರು ಅನ್ವಯಿಸಿದ ಮಾತನ್ನು ಅವರು ವ್ಯಾಖ್ಯಾನಿಸಲೇ ಇಲ್ಲವೆಂಬುದು ಗಮನಾರ್ಹ.

ಸ್ತುತಿಯ ಭಾಷೆ ಏನನ್ನೇ ಹೇಳಲಿ, ಕಾರ್ಯತಃ ನಡೆದದ್ದು ಬೇರೆ. 1931ರ ಮೇ ತಿಂಗಳಲ್ಲಿ ಹದಿಹರೆಯದ ಶ್ರೀನಿವಾಸಶಾಸ್ತ್ರಿ ಅಭಿನವ ವಿದ್ಯಾತೀರ್ಥರೆಂಬ ಹೆಸರಿನಿಂದ ಸಂನ್ಯಾಸ ಪಡೆದರು. ಆಗ ಗುರುವಿಗೆ ಮೂವತ್ತೆಂಟು ವರ್ಷ. ತಾವು ಪಡೆಯದಿದ್ದ ಗುರುಸಾನ್ನಿಧ್ಯವನ್ನು ಅವರು ಶಿಷ್ಯನಿಗೆ ಎರಡು ದಶಕಗಳಿಗೂ ಮೀರಿ ನೀಡಿದರು. ಲೌಕಿಕ ವ್ಯವಹಾರ ಮಠದ ಅಧಿಕಾರಿಗಳ ಕೈಯಲ್ಲಿತ್ತು. ಮರೆಮಾಚುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕವಾದ ಏರ್ಪಾಡು: ಗುರುವಿನ ಹೆಸರಿನಲ್ಲಿ ಇತರರು ಆಳುವ ಬದಲು, ಉತ್ತರಾಧಿಕಾರಿಯೊಬ್ಬ ಎಲ್ಲರ ಕಣ್ಣೆದುರಿಗೇ ಬೆಳೆದ.

1954ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಶೃಂಗೇರಿಗೆ ಬಂದು ಅವರನ್ನು ಕಂಡರು. ಸುಮಾರು ಒಂದು ತಿಂಗಳ ತರುವಾಯ, ಸೆಪ್ಟೆಂಬರ್ 26ರ ಮಹಾಲಯ ಅಮಾವಾಸ್ಯೆಯ ಬೆಳಗ್ಗೆ, ಸ್ನಾನಕ್ಕೆಂದು ತುಂಗೆಗಿಳಿದ ಶ್ರೀಗಳು ಪ್ರವಾಹದಲ್ಲಿ ಕೊನೆಗಂಡರು. ಪರಿಚಾರಕನೊಬ್ಬ ಹಿಂದೆಯೇ ನೀರಿಗೆ ಹಾರಿದನಾದರೂ ಉಳಿಸಲಾಗಲಿಲ್ಲ. ಅವಘಡವೋ ದೇಹತ್ಯಾಗವೋ ಎಂಬ ಪ್ರಶ್ನೆಗೆ ಭಕ್ತರ ಕಥನ ವಿದೇಹಮುಕ್ತಿಯೆಂಬ ಉತ್ತರವನ್ನು ಕೊಟ್ಟುಕೊಂಡಿತು. ನದಿಯ ದಡದಲ್ಲಿದ್ದವರು ಕಂಡದ್ದು ಮಾತ್ರ ನೀರಿಗಿಳಿದ ಯತಿಯನ್ನು ಮತ್ತು ಅವರ ಹಿಂದೆ ಹಾರಿದ ಸೇವಕನನ್ನು. ಅಕ್ಟೋಬರ್ 16ರಂದು ಅಭಿನವ ವಿದ್ಯಾತೀರ್ಥರು ಪೀಠವೇರಿದರು.