ಬಿಸ್ಮಾರ್ಕ್‌ಗೆ ಹುಳದ ಸಾಸೇಜ್ ಕೊಟ್ಟ ಡಾಕ್ಟರ್: ಕತೆ ಎಷ್ಟು ನಿಜ?

ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಕರೆದಾಗ ಡಾ. ರುಡಾಲ್ಫ್ ವಿರ್ಖೋ ಎರಡು ಸಾಸೇಜ್ ಮುಂದಿಟ್ಟರಂತೆ, ಒಂದರಲ್ಲಿ ಹುಳು ತುಂಬಿತ್ತಂತೆ! ಈ ಕತೆ ನಿಮಗೂ ಬಂದಿರಬಹುದು. 1865ರಲ್ಲಿ ಬಿಸ್ಮಾರ್ಕ್ ಸವಾಲು ಹಾಕಿದ್ದು ನಿಜ, ವಿರ್ಖೋ ಒಪ್ಪದಿದ್ದದ್ದೂ ನಿಜ. ಸಾಸೇಜ್‌ಗೆ ಮಾತ್ರ ನಂಬುವಂಥ ದಾಖಲೆ ಇಲ್ಲ. ಆದರೆ ಹುಳು ಸುಳ್ಳಲ್ಲ.

1821ರಲ್ಲಿ ಹುಟ್ಟಿದ ವಿರ್ಖೋ ಅವರನ್ನು 1848ರಲ್ಲಿ ಸರ್ಕಾರ ಅಪ್ಪರ್ ಸೈಲೀಸಿಯಾಕ್ಕೆ ಕಳಿಸಿತು. ಅಲ್ಲಿ ಟೈಫಸ್ ಹಬ್ಬಿತ್ತು (ಟೈಫಾಯ್ಡ್ ಅಲ್ಲ, ಹೇನಿನಿಂದ ಹರಡುವ ಬೇರೆ ಜ್ವರ). ಅವರು ರೋಗಿಗಳ ಜೊತೆಗೆ ಮನೆ, ಊಟ, ಬಡತನವನ್ನೂ ನೋಡಿ, ತಪ್ಪು ಸರ್ಕಾರದ್ದೂ ಹೌದು ಎಂದು ವರದಿ ಬರೆದರು. ಮರುವರ್ಷ ಬರ್ಲಿನ್ ಬಿಡಬೇಕಾಯಿತು.

1856ರಲ್ಲಿ ಮರಳಿದ ಮೇಲೆ ಹಂದಿಮಾಂಸದ ಟ್ರೈಕಿನೆಲ್ಲಾ ಹುಳುವಿನ ಬೆನ್ನುಬಿದ್ದರು. ಸರಿಯಾಗಿ ಬೇಯದ ಮಾಂಸ ತಿಂದರೆ ಅದರ ಮರಿಗಳು ನಮ್ಮ ಸ್ನಾಯುಗಳಲ್ಲಿ ಮನೆ ಮಾಡುತ್ತವೆ. ಮಾರುವ ಮೊದಲೇ ಮಾಂಸವನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸಬೇಕೆಂದು ವಿರ್ಖೋ ಪಟ್ಟುಹಿಡಿದರು. ಮಾಂಸದಂಗಡಿಯವರ ವಿರೋಧವಿದ್ದರೂ ಮುಂದೆ ಅದು ಕಡ್ಡಾಯವಾಯಿತು. ಜನ ಆಸ್ಪತ್ರೆ ಸೇರುವ ಮೊದಲೇ ಪ್ರಾಣಿಯಲ್ಲಿ ರೋಗ ಹಿಡಿಯುವುದು: ಈಗ 'ಒನ್ ಹೆಲ್ತ್' ಎನ್ನುವುದರ ಬೇರು ನಮಗೆ ಕಾಣುವುದು ಇಲ್ಲೇ. ಪ್ರಾಣಿಗಳಿಂದ ಬರುವ ರೋಗಕ್ಕೆ ಝೂನೋಸಿಸ್ ಎಂದು ಹೆಸರಿಟ್ಟವರೂ ಅವರೇ. ನಗರಸಭೆಗೆ ಆಯ್ಕೆಯಾಗಿ ಬರ್ಲಿನ್‌ಗೆ ಒಳಚರಂಡಿ ತರಲೂ ದುಡಿದರು.

ಎಲ್ಲದರಲ್ಲೂ ಅವರು ಹೇಳಿದ್ದೇ ಸರಿ ಎಂದೇನಲ್ಲ. ರೋಗಾಣು ಸಿದ್ಧಾಂತವನ್ನು ಬಹುಕಾಲ ಅನುಮಾನಿಸಿದರು. ಕೈ ತೊಳೆಯಿರಿ ಎಂದ ಸೆಮ್ಮೆಲ್‌ವೈಸ್ ಅವರನ್ನೂ ಒಪ್ಪಲಿಲ್ಲ.

1902ರ ಜನವರಿಯಲ್ಲಿ ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಮೂಳೆ ಮುರಿದುಕೊಂಡರು. ಚೇತರಿಸಿಕೊಳ್ಳದೆ ಸೆಪ್ಟೆಂಬರ್ 5ರಂದು, 80ನೇ ವಯಸ್ಸಿನಲ್ಲಿ ತೀರಿಕೊಂಡರು.